ಬತ್ತಿ ಮಾರುವವರ ಮಗಳು

ಪಿಲಾರ್ ಓಡಿಹೋಗಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡನೇ ಮಾಳಿಗೆಯ ಮಲಯಾಳಿ ಹೆಂಗಸಿನ ಪ್ರಕಾರ ಅವಳು ದುಬೈಯಲ್ಲಿದ್ದಾಳೆ, ವಾಚ್‌ಮನ್ನನ ಪ್ರಕಾರ ಯಾವನೋ ಈಜಿಪ್ಟಿನವನನ್ನು ಕಟ್ಟಿಕೊಂಡಿದ್ದಾಳೆ. ಎಲ್ಲ ಸುಳ್ಳು. ಅವಳು ಹೇಳಿಯೇ ಹೋದಳು, ಹಿಡಿದ ಕೆಲಸ ಮುಗಿಸಿ ಹೋದಳು. ಊರಿನಲ್ಲಿ ಅವಳ ಅಮ್ಮ ಕೂರುವ ಜಾಗ ಖಾಲಿಯಾಗಿತ್ತು, ಅಲ್ಲಿ ಕೂತಳು. ನಡೆದದ್ದು ಇಷ್ಟೇ.

ಪಿಲಾರ್ ಎಂದರೆ ನನಗೆ ಮೊದಲು ಕಾಣುವುದು ಅವಳ ಬಾಯಿಯ ಗುಂಡುಸೂಜಿಗಳು. ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡೇ ಇರುತ್ತಿದ್ದಳು. ಹಾಗೆಯೇ ಮಾತಾಡುತ್ತಿದ್ದಳು, ನಗುತ್ತಿದ್ದಳು, ಒಮ್ಮೊಮ್ಮೆ ಹಾಡುತ್ತಲೂ ಇದ್ದಳು. ಒಂದು ದಿನ ನುಂಗಿ ಸಾಯುತ್ತೀ ಎಂದು ಬೈದರೆ, "ಶ್ವಯ್ ಶ್ವಯ್, ಮಾಮಾ" ಎನ್ನುವಳು. ಅರಬಿಯಲ್ಲಿ ಶ್ವಯ್ ಶ್ವಯ್ ಎಂದರೆ ನಿಧಾನ, ಸ್ವಲ್ಪ ಸ್ವಲ್ಪ; ಮಾಮಾ ಎಂದರೆ ಅಮ್ಮ. ಯಾವ ಪ್ರಶ್ನೆಗೂ ಅವಳಲ್ಲಿ ಅದೊಂದೇ ಉತ್ತರ. ಬಟ್ಟೆ ಯಾವಾಗ ಆಗುತ್ತದೆ? ಶ್ವಯ್ ಶ್ವಯ್. ಜ್ವರ ಬಿಟ್ಟಿತಾ? ಶ್ವಯ್ ಶ್ವಯ್. ಮದುವೆ ಯಾವಾಗ ಆಗುತ್ತೀ? ಅದಕ್ಕೂ ಅದೇ. ಆಗಲೇ ನಲವತ್ತು ದಾಟಿತ್ತು.

ನಾನು ಮಲ್ಪೆಯವಳು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಉಡುಪಿಯ ಮನೆಮನೆ ತಿರುಗಿ ಮಕ್ಕಳನ್ನು ಸಾಕಿದವಳು. ಓದು ಮೂರನೇ ಕ್ಲಾಸಿಗೆ ನಿಂತಿತು. ಗಂಡ ತೀರಿಕೊಂಡ ಮೇಲೆ ಮಗ ಸುರೇಶ ನನ್ನನ್ನು ಸೌದಿಯ ಅಲ್ ಖೋಬರಿಗೆ ಕರೆಸಿಕೊಂಡ. ಸೊಸೆ ವೀಣಾ ಇಂಡಿಯನ್ ಸ್ಕೂಲಿನಲ್ಲಿ ಟೀಚರು. ಮೊಮ್ಮಗಳು ಶ್ರೇಯಾ ಅದೇ ಸ್ಕೂಲಿನಲ್ಲಿ ಕಲಿಯುವುದು. ಬೆಳಿಗ್ಗೆ ಅವರೆಲ್ಲ ಹೋದರೆ ಮಧ್ಯಾಹ್ನದವರೆಗೆ ಮನೆಯಲ್ಲಿ ನಾನು ಮತ್ತು ಏಸಿಯ ಸದ್ದು. ಆ ಸದ್ದು ಕೇಳಿ ಕೇಳಿ ಬೇಸತ್ತು ಒಂದು ದಿನ ಕೆಳಗಿಳಿದೆ. ನಮ್ಮ ಬಿಲ್ಡಿಂಗಿನ ಕೆಳಗೇ ಹೆಂಗಸರ ಹೊಲಿಗೆ ಅಂಗಡಿ. ಗಾಜಿಗೆಲ್ಲ ಪರದೆ, ಗಂಡಸರು ಒಳಗೆ ಹೋಗುವಂತಿಲ್ಲ. ಅಲ್ಲಿ ಕತ್ತರಿ ಹಿಡಿದು ನಿಂತಿದ್ದವಳು ಪಿಲಾರ್. ಫಿಲಿಪೀನ್ಸಿನವಳು. ಕುಳ್ಳಗೆ, ಗುಂಡಗೆ, ಕೂದಲು ಮೇಲಕ್ಕೆ ಕಟ್ಟಿ ಅದರಲ್ಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು.

ನಾನು ಅಳತೆಗೆ ಒಂದು ಹಳೇ ರವಿಕೆ ಕೊಟ್ಟು, ಇದರ ಹಾಗೆಯೇ ಇನ್ನೊಂದು ಹೊಲಿ ಎಂದು ಕೈಸನ್ನೆ ಮಾಡಿ ಬಂದೆ. ಅವಳು ಕೊಟ್ಟ ರವಿಕೆಯ ಮೈ ನನ್ನದೇ. ತೋಳು ಮಾತ್ರ ಯಾವ ಲೋಕದ್ದೋ. ಎರಡು ಭುಜದ ಮೇಲೂ ಗಟ್ಟಿಯಾಗಿ, ಮೇಲಕ್ಕೆ ನಿಂತು, ಎರಡು ಗೆರಸೆ ಕಟ್ಟಿಕೊಂಡ ಹಾಗೆ. ಅವಳಿಗೆ ಬಹಳ ಖುಷಿ. "ನಮ್ಮಲ್ಲಿ ದೊಡ್ಡ ದೊಡ್ಡ ಹೆಂಗಸರು ಹಬ್ಬಕ್ಕೆ ಇದೇ ತೋಳು ಹಾಕುವುದು, ಮಾಮಾ. ನಿನ್ನ ಹಳೇ ತೋಳು ಬಿದ್ದುಕೊಂಡಿತ್ತು, ಪಾಪ."

"ನಾನು ಬುಟ್ಟಿ ಹೊತ್ತವಳು, ಮಾರಾಯ್ತಿ. ಈ ತೋಳು ಇಟ್ಕೊಂಡು ನಿಂತರೆ ಕಾಗೆಗಳು ಬಂದು ಕೂರ್ತವೆ" ಎಂದೆ.

ಹಾಕಿ ನೋಡಿದ್ದಾಯಿತು. ಅದರ ಮೇಲೆ ಇಲ್ಲಿ ಹೆಂಗಸರು ಹೊರಗೆ ಹೋಗುವಾಗ ತೊಡುವ ಕಪ್ಪು ನಿಲುವಂಗಿ, ಅಬಾಯಾ ಹಾಕಿದರೆ ಅದು ಕೊಡೆಯ ಹಾಗೆ ಬಿಚ್ಚಿ ನಿಂತಿತು. ಅಂಗಡಿಯ ಹುಡುಗಿಯರು ನಕ್ಕು ನಕ್ಕು ನೆಲಕ್ಕೆ ಕೂತರು. ಪಿಲಾರ್ ನಗಲಿಲ್ಲ, ಸೂಜಿ ಕಚ್ಚಿಕೊಂಡು ತಲೆ ಕೆರೆದುಕೊಂಡಳು. "ಅಬಾಯಾದ ವಿಚಾರ ಮರೆತೆ" ಎಂದಳು. ಇನ್ನೊಂದು ರವಿಕೆ ಸರಿಯಾಗಿ ಹೊಲಿದು ತಾನೇ ಮೇಲೆ ತಂದುಕೊಟ್ಟಳು. ಅಂದಿನಿಂದ ನಮ್ಮ ಮನೆಗೆ ಬರತೊಡಗಿದಳು. ಅವಳ ಹೆಸರು ನನ್ನ ಬಾಯಿಗೆ ಹೊಂದದೆ ಪಿಲಿ ಎಂದು ಕರೆದೆ. ತುಳುವಿನಲ್ಲಿ ಹುಲಿಗೆ ಪಿಲಿ ಎನ್ನುತ್ತಾರೆ. ಅದನ್ನು ತಿಳಿಸಿದ ಮೇಲೆ ಅಂಗಡಿಯವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಶುಕ್ರವಾರ ಅವಳಿಗೆ ರಜೆ. ಊಟ ಮುಗಿಸಿ ನಮ್ಮ ಅಡುಗೆಮನೆಗೆ ಬಂದು ನೆಲದಲ್ಲಿ ಕೂರುವಳು. ಸುರೇಶ ಮಾರ್ಕೆಟಿನಿಂದ ಬೂತಾಯಿ ತಂದ ದಿನ ಅವಳೂ ಕೂತು ಮೀನು ಕೊಯ್ಯುವಳು. ಅವಳ ಕೈ ನೋಡಿಯೇ ಸಮುದ್ರದ ಬದಿಯವಳೆಂದು ಗೊತ್ತಾಯಿತು. ಹೆಬ್ಬೆರಳಿನಲ್ಲೇ ಕರುಳು ತೆಗೆಯುತ್ತಿದ್ದಳು, ಚೂರಿ ಬೇಡ. "ನಮ್ಮ ಊರಿಡೀ ಇದೇ ವಾಸನೆ, ಮಾಮಾ. ಫ್ಯಾಕ್ಟರಿಯಲ್ಲಿ ಡಬ್ಬಿಗೆ ತುಂಬುತ್ತಾರೆ. ಕೆಳಗೆ ದಿನಸಿಯ ಬಕಾಲಾದಲ್ಲಿ ಡಬ್ಬಿ ಮೀನು ಇದೆಯಲ್ಲ, ಅದರ ಮೇಲೆ ನಮ್ಮ ಊರಿನ ಹೆಸರೇ ಇರುತ್ತದೆ." ಊರಿನ ಹೆಸರು ಜಾಂಬುವಾಂಗ.

ನಾವು ಯಾವ ಭಾಷೆಯಲ್ಲಿ ಮಾತಾಡಿದೆವು ಎಂದು ವೀಣಾ ಈಗಲೂ ಕೇಳುತ್ತಾಳೆ. ಅವಳದು ಅಂಗಡಿಯ ಅರಬಿ, ನನ್ನದು ಬಕಾಲಾದ ಅರಬಿ, ಎರಡೂ ಅರ್ಧ. ನಡುವೆ ಎರಡು ಹಿಂದಿ, ನಾಲ್ಕು ಇಂಗ್ಲಿಷ್. ಉಳಿದದ್ದು ಕೈ. ಶ್ರೇಯಾ ಮನೆಯಲ್ಲಿದ್ದರೆ ಅವಳು ಬಿಡಿಸಿ ಹೇಳುವಳು. ಪಿಲಾರ್ ನನ್ನಿಂದ ಕಲಿತದ್ದು "ಎಂತ" ಎನ್ನುವ ಒಂದು ಶಬ್ದ. ಅಂಗಡಿಯ ಒಡತಿ ಮದಾಮಿಗೂ ಹಾಗೆಯೇ ಎನ್ನುತ್ತಿದ್ದಳು.

ಒಂದು ಶುಕ್ರವಾರ ನಿನ್ನ ಊರು ಹೇಗಿದೆ ಎಂದು ಕೇಳಿದೆ. ಅವಳು ನೆಲಕ್ಕೆ ಹಾಸುವ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಬಿಡಿಸಿದಳು. ಇಲ್ಲಿಯವರು ಊಟಕ್ಕೆ ಕೂರುವಾಗ ಹಾಸುವುದು, ಸುಫ್ರಾ ಎನ್ನುತ್ತಾರೆ. ಅದು ಸಮುದ್ರ ಎಂದಳು. ಅದರ ಅಂಚಿಗೆ ನನ್ನ ಕುಕ್ಕರ್ ಇಟ್ಟು ಇದು ಕೋಟೆ ಎಂದಳು. ಲೋಟ ಚರ್ಚು, ಸಕ್ಕರೆ ಡಬ್ಬಿ ಮಸೀದಿ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಕೋಟೆಯ ಪಕ್ಕ ನೀಲಿ ಹಾಳೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಅವು ನೀರಿನೊಳಗೆ ಕಂಬ ನೆಟ್ಟು ಕಟ್ಟಿದ ಮನೆಗಳು. ಸಾಲಿನ ಕೊನೆಗೆ, ನೆಲ ಶುರುವಾಗುವಲ್ಲಿ, ಕೆಂಪು ಕ್ಲಿಪ್ಪು. "ನನ್ನ ಅಮ್ಮ." ಏಸಿಯ ಗಾಳಿಗೆ ಹಾಳೆ ಅಲುಗಿ ಸಮುದ್ರಕ್ಕೆ ಅಲೆಯೂ ಬಂತು. ಆಮೇಲೆ ಬಂದಾಗಲೆಲ್ಲ ಊರು ಹಾಸುವುದೇ. ಅನ್ನ ಬೇಯಿಸಲು ನನಗೆ ಕುಕ್ಕರ್ ಬೇಕೆಂದರೆ, "ಒಂದು ನಿಮಿಷ, ಸ್ಪೇನಿನವರು ಇನ್ನೂ ಒಳಗಿದ್ದಾರೆ" ಎನ್ನುವಳು.

ಮೊದಲು ಅಲ್ಲಿ ದೋಣಿ ಕಟ್ಟುವ ಕಂಬಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲವಂತೆ. ಊರಿನ ಹೆಸರೇ ಆ ಕಂಬದಿಂದ ಬಂತು ಎಂದಳು. ಆಮೇಲೆ ಸ್ಪೇನಿನವರು ಬಂದು ಕಲ್ಲಿನ ಕೋಟೆ ಕಟ್ಟಿಸಿದರು.

"ನಮ್ಮ ಮಲ್ಪೆಯ ಎದುರೂ ನೀರಲ್ಲಿ ಒಂದು ಕೋಟೆ ಉಂಟು" ಎಂದೆ. "ಕಲ್ಲು ಹೊತ್ತವರು ಯಾರು?"

"ನಮ್ಮವರು."

"ಎಲ್ಲ ಕಡೆ ಹಾಗೆಯೇ."

ಕೋಟೆ ಕಟ್ಟಲು ಬೇರೆ ಬೇರೆ ದ್ವೀಪಗಳಿಂದ ಆಳುಗಳನ್ನು ತಂದರಂತೆ. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು, ಧಣಿಯ ಮಾತು ಯಾರಿಗೂ ಪೂರ್ತಿ ತಿಳಿಯದು. ಧಣಿಯದು ಅರ್ಧ, ತಮ್ಮತಮ್ಮದು ಅರ್ಧ ಸೇರಿಸಿ ಆಡಿದರು. ಆಳುಗಳ ಆ ಮಾತೇ ಈಗ ಊರಿನ ಭಾಷೆ. ಚಾವಕಾನೊ ಎಂದು ಹೆಸರು. ಚರ್ಚಿನಲ್ಲಿ ಪಾದ್ರಿಯೂ ಅದರಲ್ಲೇ ಮಾತಾಡುತ್ತಾನೆ, ರೇಡಿಯೋದಲ್ಲೂ ಅದೇ ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದಳು.

"ಹಾಗಾದರೆ ನಾವಿಬ್ಬರು ಇಲ್ಲಿ ಇನ್ನೂ ನೂರು ವರ್ಷ ಕೂತರೆ ನಮ್ಮದೂ ಒಂದು ಭಾಷೆ ಆದೀತು."

"ಆಗುತ್ತದೆ, ಮಾಮಾ. ಶ್ವಯ್ ಶ್ವಯ್."

ಆ ಕೋಟೆಯ ಒಂದು ಬಾಗಿಲ ಮೇಲೆ ಮರಿಯಮ್ಮನ ಮೂರ್ತಿ ಇತ್ತು. ಪಿಲಾರಿನ ಮಾತೆ ಎಂದು ಹೆಸರು, ಇವಳಿಗೆ ಹೆಸರಿಟ್ಟದ್ದೂ ಅದರಿಂದಲೇ. ಯಾವುದೋ ಕಾಲದಲ್ಲಿ ಆ ಬಾಗಿಲಿಗೆ ಕಲ್ಲಿಟ್ಟು ಮುಚ್ಚಿಬಿಟ್ಟರು. ಒಳಗಿನವರು ಒಳಗೆ ಉಳಿದರು, ಮೂರ್ತಿ ಹೊರಗಿನ ಗೋಡೆಯಲ್ಲಿ ಉಳಿಯಿತು. ಜನ ಬಂದು ಬಯಲಲ್ಲಿ ನಿಂತು ಆ ಗೋಡೆಗೇ ಕೈಮುಗಿದು ಮೇಣದ ಬತ್ತಿ ಹಚ್ಚುತ್ತಾರೆ. ಕ್ರೈಸ್ತರು ಮಾತ್ರ ಅಲ್ಲ, ನೀರಿನ ಮನೆಗಳ ಮುಸಲ್ಮಾನ ಹೆಂಗಸರೂ ಮಕ್ಕಳಿಗೆ ಜ್ವರ ಬಂದರೆ ಬರುತ್ತಾರಂತೆ. ನಾನು ಅವಳಿಗೆ ಉಡುಪಿಯ ಕನಕನ ಕಿಂಡಿಯ ಕತೆ ಹೇಳಿದೆ. ಒಳಗೆ ಬಿಡದವನು ಗೋಡೆಯ ಹೊರಗೆ ನಿಂತು ಹಾಡಿದ, ಗೋಡೆ ಬಿರಿದು ದೇವರು ಈ ಕಡೆ ತಿರುಗಿದ. ಅವಳು ಬಾಯಿಯ ಸೂಜಿಗಳನ್ನೆಲ್ಲ ತೆಗೆದಿಟ್ಟು ಕೇಳಿದಳು. ಅವಳಿಗೆ ಅದು ಬಹಳ ಹಿಡಿಸಿತು. "ನಮ್ಮವಳು ತಿರುಗಬೇಕಾಗಿರಲಿಲ್ಲ, ಮೊದಲೇ ಹೊರಗಿದ್ದಳು" ಎಂದಳು.

ಅವಳ ಮನೆಯ ಹೆಂಗಸರ ಕಸುಬು ಆ ಗೋಡೆಯ ಬುಡದಲ್ಲಿ ಕೂತು ಬತ್ತಿ ಮಾರುವುದು. ಅಮ್ಮ, ಅಮ್ಮನ ಅಮ್ಮ, ಅವಳಮ್ಮ, ಎಲ್ಲರೂ ಕೂತದ್ದು ಒಂದೇ ಜಾಗದಲ್ಲಿ. ಹಾಗಾಗಿ ಊರಿನ ಕತೆಯೆಲ್ಲ ಅವಳಿಗೆ ಬತ್ತಿಯ ಲೆಕ್ಕದಲ್ಲೇ ಗೊತ್ತು. ಸ್ಪೇನಿನವರು ಊರು ಬಿಟ್ಟು ಹಡಗು ಹತ್ತಿದ ದಿನ ಒಬ್ಬ ಸಿಪಾಯಿ ಬುಟ್ಟಿಯಲ್ಲಿದ್ದ ಬತ್ತಿಯನ್ನೆಲ್ಲ ಕೊಂಡು ಹಚ್ಚಿ ಹೋದನಂತೆ. ಆಮೇಲೆ ಅಮೆರಿಕದವರು ಬಂದರು. ಶಾಲೆ ಕಟ್ಟಿದರು, ಪಾರ್ಕು ಮಾಡಿದರು, ಊರಿಡೀ ಹೂವು ನೆಡಿಸಿದರು. "ಬತ್ತಿ ತೆಗೆದುಕೊಳ್ಳಲಿಲ್ಲ. ಅಜ್ಜಿಯ ಫೋಟೋ ತೆಗೆದುಕೊಂಡು ಹೋದರು." ಜಪಾನಿನವರ ಕಾಲದಲ್ಲಿ ಮೇಣವೇ ಸಿಗಲಿಲ್ಲ. ತೆಂಗಿನ ಚಿಪ್ಪಿಗೆ ಎಣ್ಣೆ ಹಾಕಿ ಮಾರಿದರು. ಅವರನ್ನು ಓಡಿಸಲು ಅಮೆರಿಕದವರು ಮತ್ತೆ ಬಂದು ಬಾಂಬು ಹಾಕಿದರು, ಊರು ಸುಟ್ಟಿತು, ಗೋಡೆ ಉಳಿಯಿತು. ಇವಳು ಹುಟ್ಟಿದ ಹೊತ್ತಿಗೆ ಪಕ್ಕದ ದ್ವೀಪಗಳಲ್ಲಿ ಮುಸಲ್ಮಾನರಿಗೂ ಸರಕಾರಕ್ಕೂ ಯುದ್ಧ. ಮನೆ ಸುಟ್ಟುಕೊಂಡವರು ದೋಣಿ ತುಂಬ ಬಂದು ಕೋಟೆಯ ಬದಿಯ ನೀರಿನಲ್ಲಿ ಕಂಬ ನೆಟ್ಟರು. ಅವರೇ ಕ್ಲಿಪ್ಪಿನ ಸಾಲಿನವರು. ಅದರಲ್ಲಿ ಒಬ್ಬಳು ಜೈನಾಬ್, ಇವಳ ಅಮ್ಮನ ನೆರೆಯವಳು. ಇಬ್ಬರೂ ಒಣಮೀನಿನ ವಿಷಯಕ್ಕೆ ದಿನಾ ಜಗಳ, ದಿನಾ ರಾಜಿ.

ಇದರಲ್ಲಿ ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಮನೆಯ ಕತೆಗೆ ಉಪ್ಪು ಹುಳಿ ಎಲ್ಲರೂ ಹಾಕುತ್ತಾರೆ.

"ಮತ್ತೆ ನೀನು ಯಾಕೆ ಅಲ್ಲಿ ಕೂರಲಿಲ್ಲ?" ಎಂದು ಕೇಳಿದೆ.

"ಮೇಣದ ವಾಸನೆ ನನಗಾಗದು. ಚಿಕ್ಕವಳಿರುವಾಗ ಅನ್ನದಲ್ಲೂ ಅದೇ ವಾಸನೆ, ತಲೆಕೂದಲಲ್ಲೂ ಅದೇ. ಅದು ಬೇಡವೆಂದೇ ಹೊಲಿಗೆ ಕಲಿತೆ. ನನ್ನ ನಂತರ ಆ ಜಾಗದಲ್ಲಿ ಯಾರೂ ಇಲ್ಲ, ಮಾಮಾ. ಅಮ್ಮನಲ್ಲಿಗೆ ಖಲಾಸ್."

ನಮ್ಮ ಮನೆಯ ದೇವರು ಅಡುಗೆಮನೆಯ ಕಪಾಟಿನೊಳಗೆ. ಬಾಗಿಲ ಒಳಮೈಗೆ ಮಹಾಲಕ್ಷ್ಮಿಯ ಚಿತ್ರ ಅಂಟಿಸಿದ್ದೆ, ಬೆಳಿಗ್ಗೆ ತೆರೆದು ಕೈಮುಗಿದು ಮುಚ್ಚುವುದು. ಒಮ್ಮೆ ಎಣ್ಣೆಯ ದೀಪ ಹಚ್ಚಿಟ್ಟು ಕಪಾಟಿನ ಹಲಗೆ ಕಪ್ಪಾಯಿತು. "ಅಮ್ಮ, ಮನೆಗೆ ಬೆಂಕಿ ಹಾಕ್ತೀರಾ ಎಂತ?" ಎಂದು ವೀಣಾ ರೇಗಿದಳು. ಅವಳು ಹೇಳಿದ್ದು ಸರಿಯೇ. ಮುಂದಿನ ಶುಕ್ರವಾರ ಪಿಲಾರ್ ಎರಡು ರಿಯಾಲಿನ ಅಂಗಡಿಯಿಂದ ಪ್ಲಾಸ್ಟಿಕ್ಕಿನ ಮೇಣದ ಬತ್ತಿ ತಂದಳು. ಅಡಿಯಲ್ಲಿ ಒತ್ತಿದರೆ ಬೆಂಕಿಯ ಹಾಗೆ ಮಿಣಮಿಣ ಎನ್ನುತ್ತದೆ.

"ಬ್ಯಾಟರಿಯ ದೀಪ ದೇವರಿಗೆ ನಡೀತದಾ?"

"ಜಪಾನಿನವರ ಕಾಲದಲ್ಲಿ ತೆಂಗಿನ ಚಿಪ್ಪು ನಡೆಯಿತು. ಬ್ಯಾಟರಿಯೂ ನಡೆಯುತ್ತದೆ."

ಬತ್ತಿ ಮಾರುವವರ ಮಗಳು ಹೇಳಿದ ಮೇಲೆ ನನ್ನದೇನು. ಅಂದಿನಿಂದ ಅದನ್ನೇ ಹಚ್ಚಿದೆ.

ಎರಡು ಸಾವಿರದ ಹದಿಮೂರರಲ್ಲಿ, ಬಕ್ರೀದಿಗೆ ಇನ್ನೂ ಒಂದು ತಿಂಗಳಿರುವಾಗ, ವಾರದ ನಡುವೆ ಪಿಲಾರ್ ಮೇಲೆ ಬಂದಳು. ಬಾಗಿಲು ತೆರೆದ ಕೂಡಲೇ ಏನೋ ಕೆಟ್ಟದ್ದಾಗಿದೆ ಎಂದು ತಿಳಿಯಿತು. ಬಾಯಿಯಲ್ಲಿ ಒಂದೂ ಸೂಜಿ ಇರಲಿಲ್ಲ.

ಸರಕಾರದ ವಿರುದ್ಧ ಎದ್ದ ಬಂದೂಕಿನವರು ದೋಣಿಯಲ್ಲಿ ಬಂದು ಅವಳ ಊರಿಗೆ ನುಗ್ಗಿದ್ದರು. ಸರಕಾರದ ಪಟಾಲಂ ಎದುರು ನಿಂತಿತ್ತು. ಗುಂಡು ಹಾರುತ್ತಿದ್ದದ್ದು ಕೋಟೆಯ ಪಕ್ಕದ ಕೇರಿಗಳಲ್ಲಿ, ಅಂದರೆ ನನ್ನ ಕ್ಲಿಪ್ಪುಗಳ ಸಾಲಿನಲ್ಲಿ. ಅಮ್ಮನ ಫೋನು ಹೋಗುತ್ತಿರಲಿಲ್ಲ. ಜೈನಾಬಳ ಫೋನೂ ಇಲ್ಲ. ಮನಿಲಾದಲ್ಲಿದ್ದ ದಾಯಾದಿ, ನಿಮ್ಮ ಕೇರಿ ಉರಿಯುವುದು ಟೀವಿಯಲ್ಲಿ ಕಂಡಿತು ಎಂದನಂತೆ.

ಅವಳು ಅಳಲಿಲ್ಲ. ಸುಫ್ರಾ ಹಾಸಿದಳು, ಕುಕ್ಕರ್ ಇಟ್ಟಳು, ಕ್ಲಿಪ್ಪು ನಿಲ್ಲಿಸಿದಳು. ಅಮ್ಮ ಯಾವ ಕಡೆ ಹೋಗಿರಬಹುದೆಂದು ಕೆಂಪು ಕ್ಲಿಪ್ಪನ್ನು ಹಿಡಿದು ಒಮ್ಮೆ ಚರ್ಚಿನ ಕಡೆ, ಒಮ್ಮೆ ಪೇಟೆಯ ಕಡೆ ಸರಿಸಿದಳು. ಎಲ್ಲ ದಾರಿಯಲ್ಲೂ ಸಿಪಾಯಿಗಳು. "ಅವಳ ಕಾಲು ಸರಿ ಇಲ್ಲ, ಮಾಮಾ. ಇಷ್ಟು ದೂರ ಓಡಲಾರಳು. ಗೋಡೆಯ ಹತ್ತಿರವೂ ಯಾರನ್ನೂ ಬಿಡುತ್ತಿಲ್ಲ. ಇವತ್ತು ಅಲ್ಲಿ ಒಂದು ಬತ್ತಿಯೂ ಹತ್ತಿಲ್ಲ."

"ದೇವಿಯನ್ನು ಅತ್ಲಾಗಿ ಇಡು" ಎಂದೆ. "ಅವಳು ಎಷ್ಟೋ ಬೆಂಕಿ ನೋಡಿದವಳು. ನಿನ್ನ ಅಮ್ಮನನ್ನು ರಸ್ತೆಯಲ್ಲಿ ಯಾಕೆ ಹುಡುಕ್ತೀ? ನೀರಿನ ಬದಿಯವರು ಬೆಂಕಿ ಬಿದ್ದರೆ ರಸ್ತೆಗೆ ಓಡ್ತಾರಾ? ನಾನಾದರೆ ದೋಣಿಗೆ ಓಡ್ತೇನೆ."

ಕೆಂಪು ಕ್ಲಿಪ್ಪನ್ನು ಅವಳ ಕೈಯಿಂದ ತೆಗೆದು ನೀಲಿ ಹಾಳೆಯ ನಡುವೆ ಇಟ್ಟೆ. ಸಮಾಧಾನಕ್ಕೆ ಹೇಳಿದ್ದಲ್ಲ. ಹಾಗಲ್ಲದೆ ಬೇರೆ ದಾರಿ ನನಗೆ ಕಾಣಲಿಲ್ಲ.

ಅವಳಿಗೆ ಊರಿಗೆ ಹೋಗಬೇಕು. ಹೋಗಬೇಕಾದರೆ ಅಂಗಡಿಯ ಮದಾಮ್ ಎಕ್ಸಿಟ್ ಕಾಗದ ಮಾಡಿಸಿಕೊಡಬೇಕು. ಮದಾಮ್ ಕೆಟ್ಟವಳಲ್ಲ, ಆದರೆ ಅವಳಿಗೂ ತಲೆಬಿಸಿ. ಹಬ್ಬದ ಬಟ್ಟೆಗಳ ರಾಶಿ, ಅದರ ಮೇಲೆ ಅವಳ ತಂಗಿಯ ಮಗಳ ಮದುವೆ. ಮದುವೆಯ ಗೌನುಗಳಿಗೆ ಮೈತುಂಬ ಮಣಿ ಹೊಲಿಯಬೇಕು, ಮಣಿ ಹೊಲಿಯುವವಳು ಪಿಲಾರ್ ಒಬ್ಬಳೇ. ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಎಂದಳು ಮದಾಮ್. ನಾನು ಅಬಾಯಾ ಹಾಕಿಕೊಂಡು ಪಿಲಾರಿನ ಹಿಂದೆ ಅಂಗಡಿಗೆ ಹೋದೆ. ಮದಾಮ್ ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ ಎನ್ನುತ್ತಿದ್ದಳು.

"ಅವಳ ಅಮ್ಮ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ಕಳಿಸು" ಎಂದೆ.

"ಖಾಲಾ, ನನಗೂ ಬೇಸರವಿದೆ. ಆದರೆ ಇವಳು ಹೋದರೆ ವಾಪಸು ಬರುವುದಿಲ್ಲ. ಹೋದವರು ಯಾರೂ ಬರುವುದಿಲ್ಲ. ಬರುತ್ತಾಳೆಂದು ನೀನು ಹೇಳುತ್ತೀಯಾ?"

"ಇಲ್ಲ."

ಪಿಲಾರ್ ನನ್ನ ಮುಖ ನೋಡಿದಳು. ಮದಾಮೂ ನೋಡಿದಳು.

"ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ನಾನು ಮಾತು ಕೊಡುವುದಿಲ್ಲ. ಆದರೆ ಮಣಿಯ ಕೆಲಸ ಮುಗಿಯುತ್ತದೆ, ಅದಕ್ಕೆ ಮಾತು ಕೊಡುತ್ತೇನೆ. ಅವಳ ಜೊತೆ ನಾನೂ ಕೂರುತ್ತೇನೆ. ಮುಗಿದ ದಿನ ನೀನು ಅವಳನ್ನು ಬಿಡು."

ಮದಾಮ್ ಒಂದು ತುಂಡು ಬಟ್ಟೆ, ಸೂಜಿ, ಒಂದು ಹಿಡಿ ಮಣಿ ನನ್ನ ಕೈಗೆ ಕೊಟ್ಟು ಹೊಲಿಯಲು ಹೇಳಿದಳು. ನಾನು ಮಣಿ ಹೊಲಿದವಳಲ್ಲ. ಹರಿದ ಬಲೆ ಹೆಣೆದವಳು. ಬಲೆಗೆ ಹಾಕುವ ಗಂಟನ್ನೇ ಒಂದೊಂದು ಮಣಿಗೂ ಹಾಕಿದೆ. ಮದಾಮ್ ಉಗುರಿನಿಂದ ಕಿತ್ತು ನೋಡಿದಳು, ಹಲ್ಲಿನಿಂದ ಎಳೆದು ನೋಡಿದಳು. ಮಣಿ ಬರಲಿಲ್ಲ. "ಖಾಲಾ, ನನ್ನ ಹುಡುಗಿಗೆ ಮದುವೆ, ಅವಳನ್ನು ದೋಣಿಗೆ ಕಟ್ಟುವುದಲ್ಲ" ಎಂದು ನಕ್ಕಳು. ನಕ್ಕಳೆಂದರೆ ಒಪ್ಪಿದ ಹಾಗೆ.

ಸುರೇಶ ಮಾತ್ರ ಹೆದರಿದ. "ಅಮ್ಮ, ನಿಮ್ಮ ಇಕಾಮಾದಲ್ಲಿ ಇಲ್ಲಿ ಇರಲಿಕ್ಕೆ ಮಾತ್ರ ಪರ್ಮಿಶನ್, ಕೆಲಸ ಮಾಡಲಿಕ್ಕೆ ಇಲ್ಲ. ಈಗ ಎಲ್ಲ ಕಡೆ ಚೆಕ್ಕಿಂಗ್ ಉಂಟು. ಅಂಗಡಿಯಲ್ಲಿ ನಿಮ್ಮನ್ನು ಕಂಡರೆ ನನ್ನ ಕೆಲಸಕ್ಕೂ ಕುತ್ತು."

"ನಾನು ಅಂಗಡಿಗೆ ಹೋಗುವುದಿಲ್ಲ. ದುಡ್ಡು ಮುಟ್ಟುವುದಿಲ್ಲ. ನನ್ನ ಅಡುಗೆಮನೆಯಲ್ಲಿ ಕೂತು ಮಣಿ ಹೊಲಿದರೆ ಯಾವ ಸರಕಾರಕ್ಕೆ ಎಂತ ನಷ್ಟ?"

ಗೌನುಗಳು ಚೀಲದಲ್ಲಿ ಮೇಲೆ ಬಂದವು. ಪಿಲಾರ್ ಅಂಗಡಿಯ ಕೆಲಸ ಮುಗಿಸಿ ಸಂಜೆ ಬಂದು ಕೂರುವಳು. ನಾನು ಬೆಳಿಗ್ಗೆಯಿಂದಲೇ ಕೂರುತ್ತಿದ್ದೆ. ವೀಣಾ ಮೊದಲು ಮುಖ ಊದಿಸಿಕೊಂಡಿದ್ದಳು, ಆಮೇಲೆ ಅವಳೇ ನನಗೆ ಸೂಜಿಗೆ ದಾರ ಪೋಣಿಸಿ ಕೊಡತೊಡಗಿದಳು. ಶ್ರೇಯಾ ಫೋನು ಹಿಡಿದು ಮತ್ತೆ ಮತ್ತೆ ಆ ನಂಬರುಗಳನ್ನು ಒತ್ತುತ್ತಿದ್ದಳು. ಪಿಲಾರ್ ಶ್ವಯ್ ಶ್ವಯ್ ಎನ್ನುವುದನ್ನೇ ಬಿಟ್ಟಿದ್ದಳು. ಅವಳ ಕೈ ಅಷ್ಟು ಬೇಗ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಊಟದ ಬಿಡುವಿನಲ್ಲಿ ಬಂದು ಕೂತಿದ್ದಾಗ ಫೋನು ಬಂತು. ಗುರುತಿಲ್ಲದ ನಂಬರು. ಪಿಲಾರ್ ಕಿವಿಗಿಟ್ಟುಕೊಂಡಳು. ಆ ಕಡೆ ಒಂದು ಮುದಿ ಗಂಟಲು ಜೋರಾಗಿ ಮಾತಾಡುತ್ತಲೇ ಇತ್ತು. ಬಯ್ಯುತ್ತಿದೆ ಎಂದು ನನಗೆ ತಿಳಿಯಿತು. ಬಯ್ಯುವುದು ತಿಳಿಯಲು ಭಾಷೆ ಬೇಡ.

ಬೆಂಕಿ ಬಿದ್ದಾಗ ಜೈನಾಬ್ ಮತ್ತು ಅವಳ ಮಗ ಮುದುಕಿಯನ್ನು ಹೊತ್ತು ದೋಣಿಗೆ ಹಾಕಿದ್ದರು. ನೀರಿನಲ್ಲೇ ಸುತ್ತು ಹೊಡೆದು ಬೇರೆ ದಡಕ್ಕೆ ಬಂದು, ಈಗ ಊರಿನ ಆಟದ ಸ್ಟೇಡಿಯಮ್ಮಿನಲ್ಲಿ ಸಾವಿರಾರು ಜನರ ನಡುವೆ ಒಂದೇ ಚಾಪೆಯ ಮೇಲೆ ಇದ್ದರು. ಮನೆ ಇಲ್ಲ. ಕಂಬಗಳೂ ಇಲ್ಲ.

"ಎಂತ ಬಯ್ಯುತ್ತಾಳೆ?" ಎಂದೆ.

"ಮಾಡಿನ ಮೇಲೆ ಬೂತಾಯಿ ಒಣಹಾಕಿದ್ದಳಂತೆ. ಅದನ್ನು ತೆಗೆಯಲು ಜೈನಾಬ್ ಬಿಡಲಿಲ್ಲವಂತೆ. ಅದಕ್ಕೆ."

"ಹಾಗಾದರೆ ಸಾಯುವುದಿಲ್ಲ, ಬಿಡು" ಎಂದೆ. ಆಗ ಅತ್ತಳು. ಗೌನಿನ ಮೇಲೆ ಬೀಳದ ಹಾಗೆ ಮುಖ ಆಚೆ ತಿರುಗಿಸಿಕೊಂಡು ಅತ್ತಳು.

ಟೀವಿಯಲ್ಲಿ ಅದನ್ನು ಮುಸಲ್ಮಾನರಿಗೂ ಕ್ರೈಸ್ತರಿಗೂ ಆದ ಯುದ್ಧ ಎಂದು ಹೇಳುವವರಿದ್ದರು. ಇರಬಹುದು, ದೊಡ್ಡವರ ವಿಷಯ ನನಗೆ ಗೊತ್ತಿಲ್ಲ. ಆ ಕೇರಿಯವರು ತಮ್ಮತಮ್ಮಲ್ಲಿ ಯುದ್ಧ ಮಾಡಲಿಲ್ಲ. ಅವರು ಜಗಳ ಮಾಡಿದ್ದು ಒಣಮೀನಿಗೆ.

ಹಬ್ಬಕ್ಕೆ ಮೊದಲೇ ಮಣಿಯ ಕೆಲಸ ಮುಗಿಯಿತು. ಮದಾಮ್ ಮಾತಿಗೆ ತಪ್ಪಲಿಲ್ಲ, ಕಾಗದ ಮಾಡಿಸಿದಳು. ಮದುಮಗಳ ಮೈಯಿಂದ ಒಂದು ಮಣಿಯೂ ಉದುರಲಿಲ್ಲ ಎಂದು ಆಮೇಲೆ ಅವಳೇ ಹೇಳಿದಳು.

ಪಿಲಾರ್ ಹೊರಟ ದಿನ ಬೆಳಿಗ್ಗೆ ದಮ್ಮಾಮ್ ಏರ್‌ಪೋರ್ಟಿಗೆ ಕರೆದೊಯ್ಯುವ ವ್ಯಾನು ಕೆಳಗೆ ನಿಂತಿತ್ತು. ಅವಳು ಮೇಲೆ ಬಂದು ತನ್ನ ಹಲಗೆಮಂಚದ ತಲೆಯ ಕಡೆ ಅಂಟಿಸಿಕೊಂಡಿದ್ದ ಮಾತೆಯ ಪುಟ್ಟ ಚಿತ್ರವನ್ನು ನನ್ನ ಕಪಾಟಿನ ಬಾಗಿಲಿಗೆ, ಮಹಾಲಕ್ಷ್ಮಿಯ ಪಕ್ಕ ಅಂಟಿಸಿದಳು. "ನಾನು ಅಸಲಿ ಇರುವಲ್ಲಿಗೆ ಹೋಗುತ್ತೇನೆ. ಇದು ನಿನ್ನ ಹತ್ತಿರ ಇರಲಿ." ಮಹಾಲಕ್ಷ್ಮಿಗೆ ಸ್ವಲ್ಪ ಇಕ್ಕಟ್ಟಾಯಿತು. ನಾನು ಬೇಡ ಎನ್ನಲಿಲ್ಲ.

ಕೆಳಗೆ ಬೀಳ್ಕೊಡಲು ಹೋಗುವಾಗ ಆ ಗೆರಸೆ ತೋಳಿನ ರವಿಕೆ ಹಾಕಿಕೊಂಡೆ. ಬೇರೆ ರವಿಕೆಗಳು ಒಗೆದಿರಲಿಲ್ಲ. ಅಬಾಯಾ ಕೊಡೆಯ ಹಾಗೆ ನಿಂತದ್ದನ್ನು ಕಂಡು ಪಿಲಾರಿಗೆ ಅಂದು ನಗು ಬಂತು. ವ್ಯಾನಿನ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಕೂಗುತ್ತಿದ್ದ. ಅವಳು ಕೂದಲಿನ ಪೆನ್ಸಿಲ್ ತೆಗೆದು ಶ್ರೇಯಾಳಿಗೆ ಕೊಟ್ಟಳು. ನನ್ನ ಭುಜದ ತೋಳನ್ನು ಎರಡು ಕೈಯಿಂದ ಮೇಲಕ್ಕೆತ್ತಿ ಸರಿಯಾಗಿ ನಿಲ್ಲಿಸಿದಳು.

"ಬರ್ತೀಯಾ ಪಿಲಿ?"

"ಶ್ವಯ್ ಶ್ವಯ್, ಮಾಮಾ."

"ಅದು ಉತ್ತರ ಅಲ್ಲ."

ಅವಳು ಹತ್ತಿ ಕೂತಳು. ನಾನು ಅವಳನ್ನು ಎದುರೆದುರು ನೋಡಿದ್ದು ಅದೇ ಕೊನೆ.

ವಾಪಸು ಬರಲು ಕಾಗದದಲ್ಲಿ ಕೊಟ್ಟ ಅವಧಿ ಮುಗಿಯಿತು, ಅವಳು ಬರಲಿಲ್ಲ. ಮದಾಮ್ ಒಂದು ದಿನ ಮೆಟ್ಟಿಲಲ್ಲಿ ಸಿಕ್ಕಿದಾಗ, "ನೋಡಿದೆಯಾ ಖಾಲಾ?" ಎಂದಳು. "ನಾನು ಬರುತ್ತಾಳೆ ಎಂದಿದ್ದೆನಾ?" ಎಂದೆ. ಅಂಗಡಿಗೆ ಬೇರೆ ಹುಡುಗಿ ಬಂದಳು. ರವಿಕೆ ಚೆನ್ನಾಗಿ ಹೊಲಿಯುತ್ತಾಳೆ. ಬಾಯಿಯಲ್ಲಿ ಸೂಜಿ ಇಟ್ಟುಕೊಳ್ಳುವುದಿಲ್ಲ. ಬಿಲ್ಡಿಂಗಿನವರು ಕತೆ ಕಟ್ಟತೊಡಗಿದರು. ಪಿಲಾರಿನ ಹಳೇ ನಂಬರು ಸತ್ತುಹೋಗಿತ್ತು. ನಾನು ದಿನಾ ಕಪಾಟು ತೆರೆದು, ಬತ್ತಿ ಒತ್ತಿ, ಇಬ್ಬರಿಗೂ ಸೇರಿಸಿ ಒಂದೇ ಸಲ ಕೈಮುಗಿದು ಮುಚ್ಚುತ್ತಿದ್ದೆ.

ಎರಡು ವರ್ಷ ಕಳೆದಿರಬೇಕು. ಒಂದು ಶುಕ್ರವಾರ ಮಧ್ಯಾಹ್ನ ಶ್ರೇಯಾ ಫೋನು ಹಿಡಿದು ಓಡಿ ಬಂದಳು. "ಅಜ್ಜಿ, ವಿಡಿಯೋ ಕಾಲ್. ಪಿಲಾರ್ ಆಂಟಿ."

ಪಿಲಾರ್ ಕಪ್ಪಾಗಿದ್ದಳು, ಸ್ವಲ್ಪ ಬಡಕಲಾಗಿದ್ದಳು. ಶ್ರೇಯಾ ಬಿಡಿಸಿ ಬಿಡಿಸಿ ಹೇಳಿದಳು. ಅಮ್ಮ ಸ್ಟೇಡಿಯಮ್ಮಿನಲ್ಲಿ ತಿಂಗಳುಗಟ್ಟಲೆ ಇದ್ದು ಕಾಲು ಪೂರ್ತಿ ಹೋಯಿತು. ಸರಕಾರ ಊರಿನಿಂದ ದೂರ ಮನೆ ಕೊಡುತ್ತೇನೆ ಎಂದಿತು, ಮುದುಕಿ ಸಮುದ್ರ ಕಾಣದ ಕಡೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಈಗ ಜೈನಾಬಳ ಕೇರಿಯಲ್ಲಿ ಸಿಮೆಂಟಿನ ಕಂಬದ ಮೇಲೆ ಹೊಸ ಮನೆಗಳು ಎದ್ದಿವೆ. ಇವರು ಅಲ್ಲಿಯೇ ಹತ್ತಿರ ಒಂದು ಕೋಣೆ ಹಿಡಿದಿದ್ದಾರೆ. ಪೇಟೆಯಲ್ಲಿ ದೊಡ್ಡ ಮಾಲ್ ಬಂದಿದೆ, ಮೀನಿನ ಫ್ಯಾಕ್ಟರಿ ನಡೆಯುತ್ತಿದೆ. ಸುಟ್ಟ ಜಾಗದಲ್ಲಿ ಕೆಲವು ಕಡೆ ಹುಲ್ಲು ಬೆಳೆದಿದೆ, ಕೆಲವು ಕಡೆ ಮಕ್ಕಳು ಆಡುತ್ತಾರೆ.

"ನೀನು ಎಂತ ಮಾಡ್ತೀ? ಹೊಲಿಗೆಯಾ?"

ಅವಳು ಫೋನನ್ನು ತಿರುಗಿಸಿದಳು. ಗೋಡೆ ಕಂಡಿತು. ನಾನು ಎಷ್ಟೋ ಶುಕ್ರವಾರ ಕುಕ್ಕರಿನಲ್ಲಿ ಕಂಡ ಗೋಡೆ. ಕಪ್ಪು ಕಲ್ಲು, ಸಂದಿಯಲ್ಲಿ ಹುಲ್ಲು, ಎತ್ತರದಲ್ಲಿ ಮೂರ್ತಿ. ಅದರ ಮುಂದೆ ಬತ್ತಿಗಳು ಸಾಲು ಸಾಲು ಉರಿಯುತ್ತಿದ್ದವು. ತಲೆಗೆ ಬಟ್ಟೆ ಹೊದ್ದ ಒಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಫೋನು ಕೆಳಗಿಳಿಯಿತು. ಗೋಡೆಯ ಬುಡದಲ್ಲಿ ಒಂದು ಗಿಡ್ಡ ಸ್ಟೂಲು, ಮುಂದೆ ಬುಟ್ಟಿ, ಬುಟ್ಟಿ ತುಂಬ ಬಣ್ಣಬಣ್ಣದ ಬತ್ತಿ.

"ಮೇಣದ ವಾಸನೆ?" ಎಂದು ಕೇಳಿದೆ.

"ಇದೆ, ಮಾಮಾ. ಅನ್ನದಲ್ಲೂ ಇದೆ." ಫೋನನ್ನು ತನ್ನ ಕಡೆ ತಿರುಗಿಸಿ, "ನನ್ನ ಮಾತೆ ಹೇಗಿದ್ದಾಳೆ?" ಎಂದಳು.

"ಕಪಾಟಿನಲ್ಲಿ ಇದ್ದಾಳೆ. ಅವಳಿಗೆಂತ?"

"ಬತ್ತಿ ಹಚ್ಚುತ್ತೀಯಾ?"

"ಮತ್ತೆ?"

ಅಷ್ಟರಲ್ಲಿ ಯಾರೋ ಗಿರಾಕಿ ಬಂದರು. ಅವಳು ಫೋನನ್ನು ಬುಟ್ಟಿಗೆ ಒರಗಿಸಿಟ್ಟು ಬತ್ತಿ ಎಣಿಸಿ ಕೊಡುತ್ತಿದ್ದಳು. ಅವಳ ಕೈ ಮಾತ್ರ ಕಾಣುತ್ತಿತ್ತು. ಹಾಗೆಯೇ ಲೈನು ಹೋಯಿತು. ಆ ಮೇಲೆ ಆ ನಂಬರಿಗೂ ಕರೆ ಹೋಗಲಿಲ್ಲ.

ನಾನು ಪೂರ್ತಿ ನಿಜ ಹೇಳಿರಲಿಲ್ಲ. ಕಪಾಟಿನ ಬತ್ತಿಯ ಬ್ಯಾಟರಿ ಮುಗಿದು ವಾರವಾಗಿತ್ತು. ಒತ್ತುತ್ತಿದ್ದೆ, ಹತ್ತುತ್ತಿರಲಿಲ್ಲ, ಹಾಗೆಯೇ ಕೈಮುಗಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಸುರೇಶ ಏಳುವ ಮೊದಲೇ ಅಬಾಯಾ ಹಾಕಿಕೊಂಡು ಬಕಾಲಾಕ್ಕೆ ಇಳಿದು ಎರಡು ಬ್ಯಾಟರಿ ತಂದೆ. ಜೊತೆಗೆ ಪಿಲಾರಿನ ಊರಿನ ಹೆಸರಿದ್ದ ಒಂದು ಡಬ್ಬಿ ಬೂತಾಯಿ.